ಒಂದೇ ಸೀರೆಗೆ ಹತ್ತಾರು ಯುಆರ್‌ಎಲ್: ಇಳಕಲ್‌ನ ಒಂದು ಅಂಗಡಿ ಸೈಟಿನ ಡೂಪ್ಲಿಕೇಟ್ ಮತ್ತು ಲಿಂಕ್ ಗೊಂದಲ ಸರಿಮಾಡಿದ ಪ್ರಕರಣ

ಅಂಗಡಿ ಹೆಸರು ಬೇಡ ಅಂದಿದ್ದಾರೆ ಮಾಲಕರು, ಹಾಗಾಗಿ ಹೆಸರಿಲ್ದೇನೇ ಬರೀತೀನಿ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಕೈಮಗ್ಗದ ಸೀರೆ ಮಾರೋ ಮನೆತನದ ಅಂಗಡಿ, ಜೊತೆಗೆ ಗುಳೇದಗುಡ್ಡದ ಖಣಾನೂ ಇಟ್ಟಿದ್ದಾರೆ. ಸೈಟು ಕನ್ನಡ, ಇಂಗ್ಲಿಷ್ ಎರಡ್ರಲ್ಲೂ ಇದೆ, ಒಬ್ಬ ಡೆವಲಪರ್ ಪಿಎಚ್‌ಪಿಯಲ್ಲಿ ಬರೆದುಕೊಟ್ಟಿದ್ದು. ಗೂಗಲ್ ಹುಡುಕಾಟದಲ್ಲಿ ಸಮಸ್ಯೆ ಏನು ಅನ್ನೋದನ್ನ ಮಾಲಕರು ಫೋನಲ್ಲಿ ಹೇಳಿದ ರೀತೀನೇ ಸ್ಪಷ್ಟವಾಗಿತ್ತು: "ಅಂಗಡಿ ಹೆಸ್ರು ಹಾಕಿದ್ರ ನಾವು ಬರ್ತೀವ್ರಿ ಸರ, ಸೀರಿ ಹೆಸ್ರು ಹಾಕಿದ್ರ ಬ್ಯಾರೇದವ್ರು ಬರ್ತಾರ. ಸೀರಿ ನಮ್ದು, ಫೋಟೋ ನಮ್ದು, ಬರೋರು ಅವ್ರು."

ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಗೂಗಲಲ್ಲಿ ಹೇಗಿದೆ ಅಂತ ಮಾಲಕರಿಗೆ ತೋರಿಸೋ ಗೂಗಲ್ ಟೂಲು) ಪೇಜ್ ಇಂಡೆಕ್ಸಿಂಗ್ ರಿಪೋರ್ಟ್ ತೆರೆದ್ರೆ ಅರ್ಧ ವಿಷಯ ಅಲ್ಲೇ ಗೊತ್ತಾಯ್ತು. ಅಂಗಡಿಯಲ್ಲಿರೋದು ಕೆಲವು ನೂರು ಸೀರೆ, ಗೂಗಲ್ ಕಂಡಿರೋ ಪುಟದ ವಿಳಾಸ, ಅಂದ್ರೆ ಯುಆರ್‌ಎಲ್ ಸಾವಿರಗಟ್ಟಲೆ, ಅದ್ರಲ್ಲಿ ಇಂಡೆಕ್ಸ್ ಆಗಿರೋದು (ಹುಡುಕಿದ್ರೆ ಸಿಗೋ ಹಾಗೆ ಗೂಗಲ್ ಪಟ್ಟಿಗೆ ಸೇರಿರೋದು) ಸಣ್ಣ ಪಾಲು. ಉಳಿದಿದ್ದಕ್ಕೆಲ್ಲ ಕಾರಣ ಅಂತ ಬರೆದಿದ್ದು 'ಡೂಪ್ಲಿಕೇಟ್, ಯೂಸರ್ ಕೆನಾನಿಕಲ್ ಆರಿಸಿಲ್ಲ', 'ಡೂಪ್ಲಿಕೇಟ್, ಗೂಗಲ್ ಬೇರೆ ಕೆನಾನಿಕಲ್ ಆರಿಸಿದೆ', 'ಕ್ರಾಲ್ ಆಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ'. ಕೆನಾನಿಕಲ್ ಅಂದ್ರೆ ಒಂದೇ ತರದ ಪುಟಗಳಲ್ಲಿ ಅಸಲಿ ಅಂತ ಗುರುತಿಸಿದ ಪುಟ, ಕ್ರಾಲ್ ಅಂದ್ರೆ ಗೂಗಲ್ ಬಾಟ್ (ಪುಟ ಓದೋ ಪ್ರೋಗ್ರಾಮ್) ಬಂದು ಓದೋದು. ಈ ಮೂರು ಸಾಲು ಒಟ್ಟಿಗೆ ದೊಡ್ಡದಾಗಿ ಕಂಡ್ರೆ ಆ ಸೈಟಿನ ಒಳಗೇ ಏನೋ ಒಡಕಿದೆ ಅಂತ ನಾನು ಅಂದ್ಕೊಳ್ತೀನಿ, ಬೇರೆ ಸೈಟುಗಳಿಂದ ಬರೋ ಬ್ಯಾಕ್‌ಲಿಂಕ್ ಮಾತು ಆಮೇಲೆ.

ಮಾಲಕರಿಗೆ ಯಾರೋ "ನಿಮ್ ಸೈಟಿಗೆ ಡೂಪ್ಲಿಕೇಟ್ ಪೆನಾಲ್ಟಿ ಬಿದ್ದಿದೆ" ಅಂತ ಹೆದರಿಸಿ ಬೇರೆ ಇಟ್ಟಿದ್ರು. ಹಾಗೊಂದು ಪೆನಾಲ್ಟಿ ಇಲ್ಲ. ಮಾಮೂಲಿ ಸೈಟುಗಳಲ್ಲಿ ಆಗೋ ನಕಲು ಪುಟಗಳಿಗೆ ಶಿಕ್ಷೆ ಕೊಡಲ್ಲ ಅಂತ ಗೂಗಲ್ 2008ರಲ್ಲೇ ಹೇಳಿದೆ. ಮೋಸ ಮಾಡೋಕೆ ಅಂತಾನೇ ಬೇರೆಯವರದ್ದನ್ನ ಕದ್ದು ಹಾಕೋದು ಬೇರೆ ವಿಷಯ. ಇಲ್ಲಿ ಆಗೋದು ಇಷ್ಟೇ, ಒಂದೇ ತರ ಇರೋ ಪುಟಗಳನ್ನ ಗುಂಪು ಮಾಡಿ ಅದ್ರಲ್ಲಿ ಒಂದನ್ನ ಗೂಗಲ್ ತಾನೇ ಆರಿಸ್ಕೊಳ್ಳುತ್ತೆ, ಉಳಿದಿದ್ದನ್ನ ಬದಿಗಿಡುತ್ತೆ. ರೇಷನ್ ಕಾರ್ಡಲ್ಲಿ ಒಂದು ಹೆಸರು, ಆಧಾರಲ್ಲಿ ಇನಿಷಿಯಲ್ ಹಿಂದೆ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಸ್ಪೆಲ್ಲಿಂಗೇ ಬೇರೆ, ಹೀಗಿದ್ರೆ ಕೌಂಟರಲ್ಲಿ ಕೂತವರು ಯಾವುದನ್ನ ಹಿಡ್ಕೋತಾರೋ ಅದೇ ನಿಮ್ಮ ಹೆಸರಾಗಿಬಿಡುತ್ತಲ್ಲ, ಹಾಗೇ ಇದೂನೂ. ಗೂಗಲ್ ಆರಿಸಿದ್ದು ತಪ್ಪು ಪುಟ ಆಗಿರಬಹುದು. ಜೊತೆಗೆ ಒಂದೇ ಪುಟಕ್ಕೆ ಸೇರಬೇಕಾಗಿದ್ದ ಲಿಂಕುಗಳ ಬಲ ಹತ್ತು ಕಡೆ ಹಂಚಿಹೋಗುತ್ತೆ. 1998ರಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಬರೆದ ಪೇಜ್‌ರ‍್ಯಾಂಕ್ ಲೆಕ್ಕದ ತಿರುಳೇ ಯಾವ ಪುಟಕ್ಕೆ ಯಾರು ಲಿಂಕ್ ಕೊಟ್ಟಿದ್ದಾರೆ ಅನ್ನೋದು. ಈಗ ನೂರಾರು ಸಿಗ್ನಲ್ ಇದ್ರೂ ಆ ಲೆಕ್ಕ ಹೋಗಿಲ್ಲ.

ಹಾಗಾದ್ರೆ ಇಷ್ಟು ನಕಲು ಬಂದಿದ್ದು ಎಲ್ಲಿಂದ? ಸುಲಭದ್ದು ಮೊದಲು. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಮುಂದೆ ಮೂರು ಡಬ್ಲ್ಯೂ ಇರೋದು, ಇಲ್ಲದ್ದು, ಈ ನಾಲ್ಕೂ ತರದಲ್ಲಿ ಸೈಟು ತೆರೀತಿತ್ತು, ಕೊನೆಗೆ ಸ್ಲ್ಯಾಶ್ ಹಾಕಿದ್ರೂ ತೆರೀತಿತ್ತು ಹಾಕದಿದ್ರೂ ತೆರೀತಿತ್ತು, ಅಲ್ಲಿಗೇ ಒಂದು ಪುಟಕ್ಕೆ ಎಂಟು. ಇದು ಸರ್ವರ್ ಸೆಟ್ಟಿಂಗಲ್ಲಿ ಒಂದೇ ರೂಲಿನ ಕೆಲಸ, ಇದ್ರ ಬಗ್ಗೆ ಹೆಚ್ಚು ಬರೆಯೋಕೆ ಏನಿಲ್ಲ.

ಫಿಲ್ಟರ್‌ದು ದೊಡ್ಡ ಕಥೆ. ಸೀರೆ ಕೆಟಗರಿಯಲ್ಲಿ ಬಣ್ಣಕ್ಕೆ 12 ಆಯ್ಕೆ, ಸೆರಗಿಗೆ 3, ಒಡಲಿಗೆ 4, ಬೆಲೆಗೆ 5, ಸಾರ್ಟ್ ಮಾಡೋಕೆ 4. ಪ್ರತಿಯೊಂದ್ರಲ್ಲೂ 'ಏನೂ ಆರಿಸಿಲ್ಲ' ಅನ್ನೋದನ್ನೂ ಸೇರಿಸಿ ಗುಣಿಸಿ ನೋಡಿ, 13×4×5×6×5, ಅಂದ್ರೆ 7,800 ಪುಟ, ಅದೂ ಒಂದೇ ಕೆಟಗರಿಗೆ! ಇಷ್ಟೇ ಅಲ್ಲ, ಯಾವ ಫಿಲ್ಟರ್ ಮೊದಲು ಒತ್ತಿದ್ರಿ ಅನ್ನೋದ್ರ ಮೇಲೆ ಯುಆರ್‌ಎಲ್ ಒಳಗಿನ ಕ್ರಮ ಬದಲಾಗ್ತಿತ್ತು, ಐದೂ ಫಿಲ್ಟರ್ ಹಾಕಿದ ಒಂದೇ ಪುಟಕ್ಕೆ 120 ತರದ ಯುಆರ್‌ಎಲ್ ಸಾಧ್ಯ. ಇವೆಲ್ಲ ಮಾಮೂಲಿ ಲಿಂಕ್ ರೂಪದಲ್ಲೇ ಇದ್ದಿದ್ರಿಂದ ಗೂಗಲ್‌ಬಾಟ್ ಒಂದಾದ್ಮೇಲೊಂದು ಹಿಡ್ಕೊಂಡು ಹೋಗ್ತಾನೇ ಇತ್ತು. ಸರ್ವರ್ ಲಾಗ್ (ಯಾರು ಯಾವ ಪುಟಕ್ಕೆ ಬಂದ್ರು ಅನ್ನೋ ದಾಖಲೆ) ತರಿಸಿ ನೋಡಿದ್ರೆ ಬಾಟ್ ಬಂದ ಬಹುಪಾಲು ಭೇಟಿ ಈ ಪ್ರಶ್ನೆ ಚಿಹ್ನೆ ಇರೋ ಪುಟಗಳಿಗೇ, ಹೊಸದಾಗಿ ಹಾಕಿದ ಸೀರೆ ಪುಟದ ಕಡೆ ಬರ್ತಿದ್ದು ಅಪರೂಪ. ಸಣ್ಣ ಸೈಟಿಗೆ ಕ್ರಾಲ್ ಬಜೆಟ್ (ಒಂದು ಸೈಟಲ್ಲಿ ಬಾಟ್ ಎಷ್ಟು ಪುಟ ನೋಡುತ್ತೆ ಅನ್ನೋ ಮಿತಿ) ಚಿಂತೆ ಬೇಡ ಅಂತ ಗೂಗಲ್ ಹೇಳೋದು ನಿಜ, ಅದ್ರ ಗೈಡು ಇರೋದು ಹತ್ತು ಲಕ್ಷಕ್ಕಿಂತ ಹೆಚ್ಚು ಪುಟ ಇರೋರಿಗೆ, ಇಲ್ಲಾ ದಿನಾ ಬದಲಾಗೋ ಹತ್ತು ಸಾವಿರ ಪುಟ ಇರೋರಿಗೆ. ಆದ್ರೆ ಫಿಲ್ಟರ್ ಹೀಗೆ ಬಿಟ್ರೆ ಸಣ್ಣ ಸೈಟೂ ಬಾಟ್ ಕಣ್ಣಿಗೆ ದೊಡ್ಡದಾಗಿಬಿಡುತ್ತೆ.

ಈಗ ಕನ್ನಡದ ವಿಷಯ. ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಇಂಗ್ಲಿಷ್ ಗೈಡುಗಳಲ್ಲಿ ಇದು ಸಿಗಲ್ಲ. ಈ ಸೈಟಲ್ಲಿ ಸೀರೆ ಯುಆರ್‌ಎಲ್ ಅಂದ್ರೆ ಒಂದು ಐಡಿ ನಂಬರ್, ಅದ್ರ ಮುಂದೆ ಕನ್ನಡದಲ್ಲಿ ಸೀರೆ ಹೆಸರು. ಸರ್ವರ್ ನೋಡ್ತಿದ್ದು ಐಡಿಯನ್ನ ಮಾತ್ರ, ಹೆಸರಿನ ಜಾಗದಲ್ಲಿ ಏನಿದ್ರೂ ಪುಟ ತೆರೀತಿತ್ತು. ಮಾಲಕರ ಮನೆಯಲ್ಲಿ ಒಬ್ರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಕನ್ವರ್ಟ್ ಮಾಡಿ ಪೇಸ್ಟ್ ಮಾಡ್ತಿದ್ರು, ಮಾಲಕರ ಮಗಳು ಫೋನಿನ ಕೀಬೋರ್ಡಲ್ಲಿ ಹೊಡೀತಿದ್ಲು. ಕಣ್ಣಿಗೆ ಎರಡೂ ಒಂದೇ. ಒಳಗೆ ಬೇರೆ. 'ಇಳಕಲ್ ಸೀರೆ' ಅನ್ನೋದ್ರಲ್ಲಿ ಲ್ ಆದ್ಮೇಲೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ (ಮುಂದಿನ ಅಕ್ಷರ ಒತ್ತಾಗಿ ಕೂಡದ ಹಾಗೆ ತಡೆಯೋ ಗುರುತು) ಒಂದ್ರಲ್ಲಿ ಇತ್ತು, ಇನ್ನೊಂದ್ರಲ್ಲಿ ಇರ್ಲಿಲ್ಲ. 'ತೋಪ' ಅನ್ನೋದ್ರಲ್ಲಿರೋ ಓ ಸ್ವರಚಿಹ್ನೆಯನ್ನ ಯೂನಿಕೋಡಲ್ಲಿ ಒಂದೇ ಕೋಡಾಗೂ ಬರೀಬಹುದು, ಮೂರು ತುಂಡು ಜೋಡಿಸಿಯೂ ಬರೀಬಹುದು. ಯುಆರ್‌ಎಲ್‌ನಲ್ಲಿ ಕನ್ನಡದ ಒಂದೊಂದು ಕೋಡೂ ಯುಟಿಎಫ್-8ನ ಮೂರು ಬೈಟ್ ಆಗಿ, ಶೇಕಡಾ ಚಿಹ್ನೆ ಸೇರಿ 9 ಅಕ್ಷರ ತಗೊಳ್ಳುತ್ತೆ. 'ಸೀರೆ' ಅನ್ನೋ ಎರಡಕ್ಷರದ ಪದ 36 ಅಕ್ಷರ. ಕಾಣದ ಆ ಜಾಯ್ನರ್ ಇನ್ನೊಂದು 9. ಓ ಚಿಹ್ನೆ ಒಂದು ರೀತಿಯಲ್ಲಿ 9, ಇನ್ನೊಂದು ರೀತಿಯಲ್ಲಿ 27. ಹೀಗಾಗಿ ಒಂದೇ ಸೀರೆಗೆ ಸರ್ಚ್ ಎಂಜಿನಿಗೆ ಕೊಡೋ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪಲ್ಲಿ ಒಂದು ಯುಆರ್‌ಎಲ್, ಹೋಮ್ ಪೇಜಿನ ಬ್ಯಾನರಲ್ಲಿ ಇನ್ನೊಂದು, ವಾಟ್ಸಾಪಲ್ಲಿ ಶೇರ್ ಆಗಿದ್ದು ಮತ್ತೊಂದು. ಗೂಗಲ್ ಲೆಕ್ಕದಲ್ಲಿ ಇವು ಮೂರು ಪುಟ.

ಡೆವಲಪರ್ "ಹಾಗಾದ್ರೆ ಕನ್ನಡ ಯುಆರ್‌ಎಲ್ಲೇ ತೆಗೆದುಬಿಡೋಣ ಸರ್, ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ ಇರ್ಲಿ" ಅಂದ್ರು. ನಾನು ಬೇಡ ಅಂದೆ. ಓದೋರ ಭಾಷೆಯ ಪದಗಳನ್ನೇ ಯುಆರ್‌ಎಲ್‌ನಲ್ಲಿ ಬಳಸಿ ಅಂತ ಗೂಗಲ್ ಗೈಡಲ್ಲೇ ಇದೆ, ಕನ್ನಡದ್ದು ಅನ್ನೋ ಕಾರಣಕ್ಕೆ ಅದನ್ನ ಕಿತ್ತುಹಾಕೋ ಅಗತ್ಯ ಇಲ್ಲ, ಬರೆಯೋ ರೀತಿ ಒಂದಾಗಬೇಕು ಅಷ್ಟೇ. ಹೆಸರು ಸೇವ್ ಆಗೋವಾಗ ಯೂನಿಕೋಡಿನ ಎನ್‌ಎಫ್‌ಸಿ (ತುಂಡುಗಳನ್ನ ಒಂದೇ ಕೋಡಾಗಿ ಕೂಡಿಸಿದ) ರೂಪಕ್ಕೆ ತರೋದು, ಯುಆರ್‌ಎಲ್ ಭಾಗದಿಂದ ಮಾತ್ರ ಕಾಣದ ಜಾಯ್ನರ್‌ಗಳನ್ನ ತೆಗೆಯೋದು (ಪುಟದ ಬರಹದಲ್ಲಿ ಅವು ಇರ್ಲೇಬೇಕು, ಇಲ್ಲಾಂದ್ರೆ ಒತ್ತಕ್ಷರ ಹಾಳಾಗುತ್ತೆ), ಆಮೇಲೆ ಯಾರು ಯಾವ ಹೆಸರಲ್ಲಿ ಬಂದ್ರೂ ಡೇಟಾಬೇಸಲ್ಲಿರೋ ಹೆಸರಿಗೆ ಹೊಂದದಿದ್ರೆ 301 ರಿಡೈರೆಕ್ಟ್, ಅಂದ್ರೆ ಸರಿಯಾದ ವಿಳಾಸಕ್ಕೆ ಶಾಶ್ವತವಾಗಿ ಕಳಿಸೋದು. ಪಿಎಚ್‌ಪಿಯಲ್ಲಿ ನಾರ್ಮಲೈಸ್ ಮಾಡೋ ಫಂಕ್ಷನ್ ರೆಡಿ ಇದೆ, ಕೋಡ್ ಬರೆದಿದ್ದು ಕೆಲವೇ ಸಾಲು. ಈ ಒಂದು ಬದಲಾವಣೆ ಕೊಟ್ಟಷ್ಟು ಫಲ ಬೇರೆ ಯಾವುದೂ ಕೊಡ್ಲಿಲ್ಲ ಅನ್ನೋದು ನನ್ನ ಅಂದಾಜು.

ಕನ್ನಡದ್ದೇ ಇನ್ನೊಂದು, ಇದು ನೋಡಿ ನಂಗೆ ಬೇಜಾರೂ ಆಯ್ತು ಸಿಟ್ಟೂ ಬಂತು. ಪ್ರತಿ ಕನ್ನಡ ಪುಟದ ಹೆಡ್‌ನಲ್ಲಿ ಕೆನಾನಿಕಲ್ ಟ್ಯಾಗ್ ಇತ್ತು, ಆದ್ರೆ ಅದು ತೋರಿಸ್ತಿದ್ದು ಇಂಗ್ಲಿಷ್ ಪುಟವನ್ನ! ಅಂದ್ರೆ ಪ್ರತಿ ಕನ್ನಡ ಪುಟಾನೂ "ನಾನು ನಕಲು, ಅಸಲಿ ಅಲ್ಲಿದೆ" ಅಂತ ತಾನೇ ಹೇಳ್ಕೊಳ್ತಿತ್ತು. ಕನ್ನಡದಲ್ಲಿ ಹುಡುಕೋರಿಗೆ ಸಿಗಬೇಕಾಗಿದ್ದ ಪುಟಗಳನ್ನ ಸೈಟೇ ಇಂಡೆಕ್ಸಿಂದ ಹೊರಗೆ ಕಳಿಸ್ತಿತ್ತು. ಒಂದೇ ಸೀರೆಯ ಕನ್ನಡ ಪುಟ, ಇಂಗ್ಲಿಷ್ ಪುಟ ಒಂದಕ್ಕೊಂದು ನಕಲಲ್ಲ, ಮುಖ್ಯ ಬರಹ ಅನುವಾದ ಆಗಿದ್ರೆ ಗೂಗಲ್ ಹಾಗೆ ನೋಡೋದೂ ಇಲ್ಲ. ಎರಡೂ ತಮ್ಮನ್ನ ತಾವೇ ಕೆನಾನಿಕಲ್ ಅಂತ ತೋರಿಸ್ಬೇಕು, ಎಚ್‌ರೆಫ್‌ಲ್ಯಾಂಗ್ ಟ್ಯಾಗಿನಿಂದ ಒಂದನ್ನೊಂದು ಜೋಡಿ ಅಂತ ಹೇಳ್ಬೇಕು, ಅದೂ ಎರಡೂ ಕಡೆಯಿಂದ, ಒಂದು ಕಡೆಯಿಂದ ಮಾತ್ರ ಇದ್ರೆ ಗೂಗಲ್ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಆದ್ರೆ ಇಲ್ಲೊಂದು ತೊಡಕಿತ್ತು, ಎಷ್ಟೋ ಕನ್ನಡ ಪುಟಗಳಲ್ಲಿ ಮೆನು, ಬಟನ್ ಮಾತ್ರ ಕನ್ನಡ, ಸೀರೆ ವಿವರಣೆ ಇಂಗ್ಲಿಷಲ್ಲೇ ಇತ್ತು. ಅವು ನಿಜವಾಗ್ಲೂ ನಕಲು. ವಿವರಣೆ ಕನ್ನಡದಲ್ಲಿ ಬರೆಯೋ ತನಕ ಅಂಥ ಪುಟಗಳನ್ನ ಪಬ್ಲಿಷ್ ಮಾಡೋದೇ ಬೇಡ ಅಂತ ತೀರ್ಮಾನ ಮಾಡಿದ್ವಿ.

ಲಿಂಕುಗಳ ಸ್ಥಿತಿ ನೋಡೋಕೆ ಸ್ಕ್ರೀಮಿಂಗ್ ಫ್ರಾಗ್ ಅನ್ನೋ ಸೈಟ್ ಪರಿಶೀಲಿಸೋ ಪ್ರೋಗ್ರಾಮ್ ಓಡಿಸಿದೆ. ಅದ್ರ ಫ್ರೀ ವರ್ಷನ್ 500 ಯುಆರ್‌ಎಲ್‌ಗೆ ನಿಲ್ಲುತ್ತೆ, ಸಣ್ಣ ಸೈಟಿಗೆ ಎಷ್ಟೋ ಸಲ ಅಷ್ಟೇ ಸಾಕು, ಇಲ್ಲಿ ಫಿಲ್ಟರ್ ಪುಟಗಳನ್ನ ಬಿಟ್ಟುಬಿಡು ಅಂತ ಹೇಳಿ ಓಡಿಸ್ಬೇಕಾಯ್ತು. ಬಂದ ಚಿತ್ರ ಏನಂದ್ರೆ: ಮೇಲಿನ ಮೆನು ಪೂರ್ತಿ ಜಾವಾಸ್ಕ್ರಿಪ್ಟ್ ಕ್ಲಿಕ್ ಮೇಲೆ ನಡೀತಿತ್ತು, ಲಿಂಕಿನ ಆಂಕರ್ ಟ್ಯಾಗಲ್ಲಿ ವಿಳಾಸ ಹೇಳೋ ಎಚ್‌ರೆಫ್ ಇಲ್ಲ, ಅಂಥದ್ದನ್ನ ಗೂಗಲ್ ಲಿಂಕ್ ಅಂತ ಹಿಡಿಯಲ್ಲ. ಕೆಟಗರಿ ಪುಟದಲ್ಲಿ ಮೊದಲ ಕೆಲವು ಸೀರೆ ಕಾಣ್ತಿತ್ತು, ಕೆಳಗೆ 'ಇನ್ನಷ್ಟು ತೋರಿಸಿ' ಬಟನ್, ಅದನ್ನ ಬಾಟ್ ಒತ್ತಲ್ಲ. ಎರಡನೇ ಪುಟ, ಮೂರನೇ ಪುಟ ಅಂತ ಯುಆರ್‌ಎಲ್ ಇದ್ವು ನಿಜ, ಆದ್ರೆ ಅವೆಲ್ಲದ್ರ ಕೆನಾನಿಕಲ್ ಮೊದಲನೇ ಪುಟಕ್ಕೆ. ಹಾಗಾದ್ಮೇಲೆ ಮೂರನೇ ಪುಟದಲ್ಲಿರೋ ಸೀರೆಗೆ ದಾರಿ ಎಲ್ಲಿ? ಸೈಟ್‌ಮ್ಯಾಪಲ್ಲಿ ಹೆಸರಿತ್ತು ಅಷ್ಟೇ, ಸೈಟೊಳಗೆ ಒಂದು ಲಿಂಕೂ ಇಲ್ಲದ ಅನಾಥ ಪುಟಗಳು. ಬ್ಲಾಗಲ್ಲಿ ತೋಪ ತೆನಿ (ಇಳಕಲ್ ಸೀರೆಯ ಸೆರಗಿನ ವಿನ್ಯಾಸ) ಬಗ್ಗೆ ಮಾಲಕರ ತಂದೆಯವರಿಂದ ಕೇಳಿ ಬರೆದ ಲೇಖನ ಇದೆ, ಒಡಲಿನ ಹಾಸು ಎಳೆ ಮತ್ತು ಸೆರಗಿನ ಹಾಸು ಎಳೆಗಳನ್ನ ಕೊಂಡಿ ಹಾಕಿ ಹೇಗೆ ಜೋಡಿಸ್ತಾರೆ ಅನ್ನೋದು ಅದ್ರಲ್ಲಿದೆ, ಬೇರೆ ಸೈಟಿನವರೂ ಅದಕ್ಕೆ ಲಿಂಕ್ ಕೊಟ್ಟಿದ್ದಾರೆ. ಇಡೀ ಸೈಟಲ್ಲಿ ಹೊರಗಿಂದ ಅತಿ ಹೆಚ್ಚು ಲಿಂಕ್ ಬಂದ ಪುಟ ಅದು. ಅಲ್ಲಿಂದ ಒಂದು ಸೀರೆಗೂ ಲಿಂಕ್ ಇರ್ಲಿಲ್ಲ, ಇದ್ದ ಒಂದೇ ಲಿಂಕ್ 'ಇಲ್ಲಿ ಕ್ಲಿಕ್ ಮಾಡಿ' ಅಂತ, ಅದೂ ಹಳೇ ಎಚ್‌ಟಿಟಿಪಿ ಹೋಮ್ ಪೇಜಿಗೆ.

ಡೆವಲಪರ್ ಜೊತೆ ಚರ್ಚೆ ಆಗಿದ್ದು ಮುಖ್ಯವಾಗಿ ಒಂದು ವಿಷಯಕ್ಕೆ. ಅವರ ಪ್ಲಾನು: ಎಲ್ಲಾ ಕಡೆ ಕೆನಾನಿಕಲ್ ಹಾಕಿ, ಫಿಲ್ಟರ್ ಪುಟಗಳನ್ನ ರೋಬೋಟ್ಸ್ ಫೈಲಲ್ಲಿ (ಬಾಟ್ ಎಲ್ಲಿಗೆ ಬರಬಾರದು ಅಂತ ಹೇಳೋ ಫೈಲು) ಬ್ಲಾಕ್ ಮಾಡಿ ಮುಗಿಸೋದು. ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ರೋಬೋಟ್ಸಲ್ಲಿ ಬ್ಲಾಕ್ ಮಾಡಿದ ಪುಟವನ್ನ ಬಾಟ್ ತೆರೆಯೋದೇ ಇಲ್ಲ, ತೆರೆಯದಿದ್ರೆ ಒಳಗಿರೋ ಕೆನಾನಿಕಲ್ ಆಗ್ಲಿ ಇಂಡೆಕ್ಸ್ ಮಾಡ್ಬೇಡಿ ಅನ್ನೋ ನೋಇಂಡೆಕ್ಸ್ ಟ್ಯಾಗ್ ಆಗ್ಲಿ ಓದೋದು ಹೇಗೆ? ಇಂಡೆಕ್ಸಲ್ಲಿ ಈಗಾಗ್ಲೇ ಇರೋ ಫಿಲ್ಟರ್ ಪುಟ ಅಲ್ಲೇ ಉಳ್ಕೊಳ್ಳಬಹುದು. ಮೊದಲು ಸರ್ಚ್ ಕನ್ಸೋಲಲ್ಲಿ ಯುಆರ್‌ಎಲ್ ಪ್ಯಾರಾಮೀಟರ್ ಟೂಲ್ ಇತ್ತು, 2022ರಲ್ಲಿ ಅದನ್ನೂ ತೆಗೆದ್ರು, ಹಾಗಾಗಿ ಈ ಕೆಲಸ ಈಗ ಸೈಟೊಳಗೇ ಆಗ್ಬೇಕು. ಇನ್ನು ಕೆನಾನಿಕಲ್ ವಿಷಯ. 2009ರ ಫೆಬ್ರವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ ತಂದ ಟ್ಯಾಗ್ ಅದು, ಒಳ್ಳೇದೇ, ಆದ್ರೆ ಅದು ಹುಕುಂ ಅಲ್ಲ, ಸೂಚನೆ. ಕೆನಾನಿಕಲ್ ಒಂದು ಪುಟ ಅಂತ ಹೇಳ್ತಿದ್ರೆ, ಮೆನು ಇನ್ನೊಂದಕ್ಕೆ ಲಿಂಕ್ ಕೊಡ್ತಿದ್ರೆ, ಸೈಟ್‌ಮ್ಯಾಪಲ್ಲಿ ಮೂರನೇದಿದ್ರೆ ಗೂಗಲ್ ತನಗೆ ಸರಿ ಕಂಡಿದ್ದನ್ನ ಆರಿಸ್ಕೊಳ್ಳುತ್ತೆ. ಒಳಗಿನ ಲಿಂಕ್, ರಿಡೈರೆಕ್ಟ್, ಕೆನಾನಿಕಲ್, ಸೈಟ್‌ಮ್ಯಾಪ್, ಎಚ್‌ರೆಫ್‌ಲ್ಯಾಂಗ್ ಐದೂ ಒಂದೇ ಯುಆರ್‌ಎಲ್ ಹೆಸರು ಹೇಳ್ಬೇಕು. ಇದು ನಾನು ಎಲ್ಲಾ ಸೈಟಿಗೂ ಹೇಳೋ ಮಾತು, ಲಿಂಕ್ ಸರಿ ಮಾಡದೇ ಕೆನಾನಿಕಲ್ ಹಾಕ್ಬೇಡಿ ಅಂತ. ಡೆವಲಪರ್‌ಗೆ ಇದು ಒಪ್ಪಿಗೆ ಆಯ್ತು, ಆಮೇಲೆ ಅವರು ಮಾಡಿದ ಕೆಲಸ ತುಂಬಾ ಅಚ್ಚುಕಟ್ಟು.

ಹಾಗಾಗಿ ಮೊದಲು ಮುಟ್ಟಿದ್ದು ಲಿಂಕುಗಳನ್ನ. ಮೆನು ಮಾಮೂಲಿ ಆಂಕರ್ ಲಿಂಕಿಗೆ ಬಂತು. 'ಇನ್ನಷ್ಟು ತೋರಿಸಿ' ಬಟನ್ ಹಿಂದೆ ನಿಜವಾದ ಪುಟದ ಲಿಂಕ್ ಇಟ್ವಿ, ಜಾವಾಸ್ಕ್ರಿಪ್ಟ್ ಇದ್ದವರಿಗೆ ಅಲ್ಲೇ ಲೋಡ್ ಆಗುತ್ತೆ, ಬಾಟ್ ಲಿಂಕ್ ಹಿಡ್ಕೊಂಡು ಹೋಗುತ್ತೆ. ಎರಡನೇ, ಮೂರನೇ ಪುಟಗಳ ಕೆನಾನಿಕಲ್ ಅದದೇ ಪುಟಕ್ಕೆ (ಹಿಂದಿನ ಪುಟ ಮುಂದಿನ ಪುಟ ಅಂತ ಹೇಳೋ ರೆಲ್ ಟ್ಯಾಗನ್ನ ಗೂಗಲ್ ಬಳಸ್ತಿಲ್ಲ ಅಂತ 2019ರಲ್ಲೇ ಗೊತ್ತಾಗಿದೆ, ಅದನ್ನ ನಂಬಿ ಕೂರೋ ಹಾಗಿಲ್ಲ). ಭಾಷೆ ಬದಲಿಸೋ ಬಟನ್ ಯಾವಾಗ್ಲೂ ಹೋಮ್ ಪೇಜಿಗೆ ಹೋಗ್ತಿತ್ತು, ಈಗ ಅದೇ ಸೀರೆಯ ಇನ್ನೊಂದು ಭಾಷೆಯ ಪುಟಕ್ಕೆ ಹೋಗುತ್ತೆ. ತೋಪ ತೆನಿ ಲೇಖನದಿಂದ ಚಿಕ್ಕಿ ಅಂಚಿನ ಸೀರೆ, ಗೋಮಿ ಅಂಚಿನ ಸೀರೆ, ರೇಷ್ಮೆ ಸೆರಗಿನ ಸೀರೆ ಪುಟಗಳಿಗೆ ಆ ಹೆಸರಲ್ಲೇ ಲಿಂಕ್ ಕೊಟ್ವಿ.

ಫಿಲ್ಟರಲ್ಲಿ ಜನ ನಿಜವಾಗಿ ಹುಡುಕೋದು ಯಾವುದು ಅಂತ ಸರ್ಚ್ ಕನ್ಸೋಲಿನ ಕ್ವೆರಿ ಪಟ್ಟಿ ನೋಡಿ, ಕಾಟನ್ ಇಳಕಲ್, ರೇಷ್ಮೆ ಇಳಕಲ್, ಕಸೂತಿ ಹಾಕಿದ್ದು ಅಂತ ಕೆಲವಕ್ಕೆ ಮಾತ್ರ ಸ್ವಂತ ಯುಆರ್‌ಎಲ್, ಸ್ವಂತ ಬರಹ ಇರೋ ಪುಟ ಮಾಡಿದ್ವಿ. ಸಾರ್ಟ್ ಮಾಡಿದ ಪುಟಗಳ ಕೆನಾನಿಕಲ್ ಕೆಟಗರಿಗೆ. ಉಳಿದ ಫಿಲ್ಟರ್ ಜೋಡಣೆಗಳಿಗೆ ನೋಇಂಡೆಕ್ಸ್, ಅವಕ್ಕೆ ಕೊಡ್ತಿದ್ದ ಲಿಂಕ್ ತೆಗೆದು ಫಾರ್ಮ್ ಬಟನ್ ಮಾಡಿದ್ದು, ಇಂಡೆಕ್ಸಿಂದ ಅವು ಉದುರಿದ ಮೇಲಷ್ಟೇ ರೋಬೋಟ್ಸಲ್ಲಿ ಬ್ಲಾಕ್. ಈ ಕ್ರಮ ಹಿಂದುಮುಂದು ಆಗೋ ಹಾಗಿಲ್ಲ.

ಕೈಮಗ್ಗದ ಅಂಗಡಿಗೆ ಇನ್ನೊಂದು ವಿಶೇಷ ಇದೆ, ಎಷ್ಟೋ ಸೀರೆ ಒಂದೇ ಪೀಸ್ ಇರುತ್ತೆ. ಮಾರಾಟ ಆದ ತಕ್ಷಣ ಆ ಪುಟ ಹೋಮ್ ಪೇಜಿಗೆ ರಿಡೈರೆಕ್ಟ್ ಆಗ್ತಿತ್ತು. ಸಂಬಂಧ ಇಲ್ಲದ ಪುಟಕ್ಕೆ ಹೀಗೆ ಕಳಿಸಿದ್ರೆ ಗೂಗಲ್ ಅದನ್ನ ಸಾಫ್ಟ್ 404 (ಪುಟ ಇಲ್ಲದ್ದಕ್ಕೆ ಸಮ) ಅಂತ ನೋಡುತ್ತೆ, ಲಿಂಕಿನ ಲಾಭಾನೂ ಸಿಗಲ್ಲ, ಗಿರಾಕಿಗೂ ತಾನು ನೋಡ್ತಿದ್ದ ಸೀರೆ ಎಲ್ಲೋಯ್ತು ಅಂತ ಗೊತ್ತಾಗಲ್ಲ. ಈಗ ಮತ್ತೆ ನೇಯಿಸಬಹುದಾದ ಡಿಸೈನ್ ಆದ್ರೆ ಪುಟ ಹಾಗೇ ಇರುತ್ತೆ, 'ಮಾರಾಟ ಆಗಿದೆ, ಬೇಕಿದ್ರೆ ನೇಯಿಸಿ ಕೊಡ್ತೀವಿ' ಅನ್ನೋ ಸಾಲು, ಕೆಳಗೆ ಅದೇ ಅಂಚಿನ ಬೇರೆ ಸೀರೆಗಳು. ಮತ್ತೆ ಬರೋದೇ ಇಲ್ಲ ಅಂದ್ರೆ ನೇರವಾಗಿ 410, ಅಂದ್ರೆ ಪುಟ ಶಾಶ್ವತವಾಗಿ ಹೋಗಿದೆ ಅನ್ನೋ ಉತ್ತರ. ಮಾಲಕರಿಗೆ ಇದು ಬಹಳ ಹಿಡಿಸಿತು, ಹಾಗೆ ಬಂದ ವಿಚಾರಣೆಯಿಂದ ಮಗ್ಗಕ್ಕೆ ಆರ್ಡರೂ ಬರ್ತಿದೆ.

ಕಡೆಗೆ ಉಳಿದಿದ್ದು ಬರಹ. ಒಂದೇ ಡಿಸೈನಿನ ಎಂಟು ಬಣ್ಣಕ್ಕೆ ಎಂಟು ಪುಟ, ಎಂಟರಲ್ಲೂ ಅದೇ ನಾಲ್ಕು ಸಾಲು ಇಂಗ್ಲಿಷು. ಅವನ್ನೆಲ್ಲ ಒಂದು ಪುಟಕ್ಕೆ ಸೇರಿಸಿ ಬಣ್ಣ ಆರಿಸ್ಕೊಳ್ಳೋ ಹಾಗೆ ಮಾಡಿ ಹಳೇವನ್ನ ರಿಡೈರೆಕ್ಟ್ ಮಾಡಿದ್ವಿ. ಗಿರಿ ಕುಂಕುಮ ಬಣ್ಣವನ್ನ ಮಾತ್ರ ಪ್ರತ್ಯೇಕ ಇಟ್ವಿ, ಜನ ಅದನ್ನ ಹೆಸರಿಟ್ಟು ಹುಡುಕ್ತಾರೆ, ಅದಕ್ಕೆ ಹೇಳೋಕೆ ಬೇರೆ ಮಾತೂ ಇದೆ. ಇನ್ನೊಂದು, ತಮ್ಮ ಸೈಟಿನ ವಿವರಣೆಯನ್ನೇ ಅಕ್ಷರ ಬಿಡದೆ ದೊಡ್ಡ ಮಾರ್ಕೆಟ್‌ಪ್ಲೇಸ್ ಒಂದ್ರಲ್ಲೂ ಹಾಕಿದ್ರು. ಅಲ್ಲಿ ಕೆನಾನಿಕಲ್ ಹಾಕೋಕೆ ನಮಗೆ ಅಧಿಕಾರ ಇಲ್ಲ, ಬಲ ಇರೋ ಸೈಟನ್ನೇ ಗೂಗಲ್ ಬಹಳ ಸಲ ಆರಿಸುತ್ತೆ. ಫೋನಲ್ಲಿ ಹೇಳಿದ 'ಬ್ಯಾರೇದವ್ರು' ಯಾರು ಅಂದ್ರೆ ಬಹಳ ಸಲ ಇದೇ, ಅವರದ್ದೇ ಸೀರೆ, ಅವರದ್ದೇ ಬರಹ, ಬೇರೆ ಸೈಟು. ಅಲ್ಲಿಗೆ ಚಿಕ್ಕ ಬೇರೆ ಬರಹ ಹಾಕಿ, ಪೂರ್ತಿ ವಿವರ ತಮ್ಮ ಸೈಟಲ್ಲಿ ಮಾತ್ರ ಅಂತ ಮಾಡಿದ್ವಿ: ಒಡಲು ಹತ್ತೀನಾ ರೇಷ್ಮೆನಾ, ಕಡ್ಡಿನಾ ಚೌಕಡಿನಾ, ಅಂಚು ಯಾವುದು, ಸೆರಗು ಕೊಂಡಿ ಹಾಕಿ ಜೋಡಿಸಿದ್ದಾ, ಒಗೆಯೋದು ಹೇಗೆ. ನೇಕಾರರ ಹತ್ರ ಕೂತು ಕೇಳಿ ಮಗಳೇ ಕನ್ನಡದಲ್ಲಿ ಬರೀತಿದಾಳೆ, ಚೆನ್ನಾಗಿ ಬರೀತಾಳೆ.

ಈ ಮಧ್ಯೆ ಬ್ಯಾಕ್‌ಲಿಂಕ್ ಮಾರೋರ ಮೇಲ್ ಮಾಲಕರಿಗೆ ಬರ್ತಾನೇ ಇದ್ವು. ಖಡಾಖಂಡಿತವಾಗಿ ಬೇಡ ಅಂದೆ. 2011ರಲ್ಲಿ ಅಮೆರಿಕದ ಜೆಸಿ ಪೆನ್ನಿಯಂಥ ದೊಡ್ಡ ಕಂಪನೀನೇ ದುಡ್ಡಿನ ಲಿಂಕ್ ವಿಷಯ ಬಯಲಾದಾಗ ರಿಸಲ್ಟಲ್ಲಿ ಕೆಳಗೆ ಬಿತ್ತು, ಸಣ್ಣ ಅಂಗಡಿ ಹಾಗೆ ಬಿದ್ರೆ ಎದ್ದೇಳೋದು ಕಷ್ಟ.

ಫಲಿತಾಂಶ ಒಟ್ಟಿಗೆ ಬರ್ಲಿಲ್ಲ. ಮೊದಲು ಬದಲಾಗಿದ್ದು ಸರ್ವರ್ ಲಾಗ್, ಬಾಟ್ ಫಿಲ್ಟರ್ ಬಿಟ್ಟು ಸೀರೆ ಪುಟಗಳಿಗೆ ಬರೋಕೆ ಶುರುವಾಯ್ತು. ಆಮೇಲೆ ಇಂಡೆಕ್ಸಿಂಗ್ ರಿಪೋರ್ಟಲ್ಲಿ ಡೂಪ್ಲಿಕೇಟ್ ಸಾಲುಗಳು ಕರಗ್ತಾ ಬಂದು 'ರಿಡೈರೆಕ್ಟ್ ಇರೋ ಪುಟ' ಅನ್ನೋ ಸಾಲು ಏರಿತು. ಮಾಲಕರು ಅದನ್ನ ನೋಡಿ ಗಾಬರಿ ಆಗಿ ಫೋನ್ ಮಾಡಿದ್ರು, ಅದು ಏರ್ಬೇಕಾದ್ದೇ ಅಂತ ಹೇಳ್ದೆ. ರ‍್ಯಾಂಕಿಂಗ್ ಬದಲಾಗಿದ್ದು ಕೊನೆಗೆ, ತಿಂಗಳುಗಳ ನಂತರ. 'ಇಳಕಲ್ ಸೀರೆ' ಅನ್ನೋ ಬರೀ ಎರಡು ಪದಕ್ಕೆ ಇವತ್ತಿಗೂ ದೊಡ್ಡ ಸೈಟುಗಳೇ ಮೇಲಿವೆ. ಆದ್ರೆ ಅಂಚಿನ ಹೆಸರು, ಸೆರಗಿನ ಹೆಸರು ಸೇರಿಸಿ ಹುಡುಕೋರಿಗೆ, ಅದ್ರಲ್ಲೂ ಕನ್ನಡದಲ್ಲಿ ಹುಡುಕೋರಿಗೆ, ಈಗ ಸಿಗೋದು ಅಂಗಡಿಯ ಸರಿಯಾದ ಸೀರೆ ಪುಟಾನೇ. ಕೊಳ್ಳೋ ಮನಸ್ಸಿರೋರು ಹುಡುಕೋದೂ ಹಾಗೇ.

ರಿಡೈರೆಕ್ಟ್‌ಗಳನ್ನ ಕನಿಷ್ಠ ಒಂದು ವರ್ಷ ಇಡಿ ಅಂತ ಗೂಗಲ್ ಹೇಳುತ್ತೆ, ನಾವು ತೆಗೆಯೋದೇ ಇಲ್ಲ ಅಂತ ಇಟ್ಕೊಂಡಿದ್ದೀವಿ, ಹಳೇ ವಾಟ್ಸಾಪ್ ಲಿಂಕುಗಳಿಂದ ಜನ ಇನ್ನೂ ಬರ್ತಿದಾರೆ. ಖಣದ ವಿಭಾಗ ಬಾಕಿ ಇದೆ, ಅಲ್ಲಿ ಮೀಟರ್ ಲೆಕ್ಕದ್ದು, ಬ್ಲೌಸ್ ಪೀಸ್ ಅಂತ ಒಂದೇ ಬಟ್ಟೆಗೆ ಎರಡೆರಡು ಪುಟ ಇವೆ. ಅವನ್ನ ಸೇರಿಸೋ ಮುಂಚೆ ಯಾವುದಕ್ಕೆ ಹೊರಗಿನ ಲಿಂಕ್ ಹೆಚ್ಚಿದೆ ಅಂತ ನೋಡಿ ಆ ಯುಆರ್‌ಎಲ್ ಉಳಿಸ್ಕೊಳ್ತೀವಿ, ಪಟ್ಟಿ ಈಗ ಮಾಡ್ತಾ ಇದ್ದೀವಿ.